ಸ್ಪೇರ್ ಕರುಪ್ಪಸಾಮಿಯ ಎರಡನೇ ಡಿಸ್ಕು

ತಿರುಪ್ಪೂರಿನ ಕಾಂಗೆಯಂ ರಸ್ತೆಗೆ ಸೇರುವ ಒಂದು ಅಡ್ಡಬೀದಿಯಲ್ಲಿ ಕರುಪ್ಪಸಾಮಿ ಎಂಬ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ. ಮೂಲೆಯ ಟೀ ಅಂಗಡಿಯಲ್ಲಿ ವಿಚಾರಿಸಿದರೆ "ಯಾರು, ಸ್ಪೇರಾ?" ಎಂದು ಮರುಪ್ರಶ್ನೆ ಬರುತ್ತದೆ. ಹೌದು ಎಂದರೆ ನಗುತ್ತಾ ದಾರಿ ತೋರಿಸುತ್ತಾರೆ. ಈ ಕಥೆ ಆ ಸ್ಪೇರ್ ಕರುಪ್ಪಸಾಮಿಯದು.

ಹೆಸರು ಸುಮ್ಮನೆ ಬಂದದ್ದಲ್ಲ. ಅವನ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಮಡಿಸಿದ ಪಂಚೆ ಇರುತ್ತದೆ, ಆ ಪಂಚೆಗೇನಾದರೂ ಆದರೆ ಇರಲಿ ಎಂದು ಇನ್ನೊಂದು ಪಂಚೆಯೂ ಇರುತ್ತದೆ. ಮೂಗಿನ ಮೇಲೊಂದು ಕನ್ನಡಕ, ಜೇಬಿನಲ್ಲೊಂದು ಕನ್ನಡಕ. ದೇವಸ್ಥಾನಕ್ಕೆ ಹೋದರೆ ಎರಡು ತೆಂಗಿನಕಾಯಿ. ಮೊದಲನೆಯದು ಕೊಳೆತಿದ್ದರೆ ದೇವರು ಬರಿಗೈಲಿ ಕೂರಬಾರದಲ್ಲ! ಊಟಕ್ಕೆ ಕುಳಿತರೆ ಹರಿದೀತು ಎಂದು ಎಲೆಯ ಕೆಳಗೆ ಇನ್ನೊಂದು ಎಲೆ ಹಾಸಿಸಿಕೊಳ್ಳುತ್ತಾನೆ. ಮುಂದಾಲೋಚನೆ ಎಂದರೆ ಇದೇ ಎಂದು ನೀವು ಹೊಗಳುವ ಮೊದಲು ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಈ ಮಹಾನುಭಾವ ಸ್ಪೇರನ್ನು ಯಾವಾಗಲೂ ಅಸಲಿನ ಪಕ್ಕದಲ್ಲೇ ಇಡುತ್ತಾನೆ. ಬೀಗದ ಎರಡು ಕೈಗಳೂ ಒಂದೇ ಗೊಂಚಲಿನಲ್ಲಿ. ಎರಡು ಕೊಡೆಗಳೂ ಒಂದೇ ಚೀಲದಲ್ಲಿ. ಚೀಲ ಪಲ್ಲಡಂ ಬಸ್ಸಿನಲ್ಲೇ ಉಳಿದ ದಿನ ತೊಪ್ಪೆಯಾಗಿ ನೆನೆದು ಮನೆಗೆ ಬಂದವನು, "ಎರಡು ಇಟ್ಟಿದ್ನಲ್ಲಾ, ಎರಡೂ ಹೋತಲ್ಲಾ" ಎಂದು ಲೋಕದ ಅನ್ಯಾಯಕ್ಕೆ ಮರುಗಿದ.

"ಎರಡು ಬ್ಯಾಗಲ್ಲಿ ಇಡಬೇಕಾಗಿತ್ತುಂಗ" ಎಂದಳು ಹೆಂಡತಿ ಪಾಪಾತಿ, ತಲೆಮಾರುಗಳಿಂದ ಆ ಮನೆಯಲ್ಲಿ ಆಡುವ ತಮಿಳು ಬೆರೆತ ಕನ್ನಡದಲ್ಲಿ.

"ಪಿನ್ನೆ ಎರಡನೇದು ಎಲ್ಲಿದೆ ಅಂತ ಯಾರಿಗೆ ಗೊತ್ತಾಗುತ್ತೆ? ಸ್ಪೇರು ಕಣ್ಣ ಮುಂದೆ ಇರಬೇಕು."

ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುವುದು ಒಂದು ಪಂಚಿಂಗ್ ಅಂಗಡಿ. ಬನಿಯನ್ ಕಂಪನಿಯವರು ಒಂದು ಚಿತ್ರ ಕೊಡುತ್ತಾರೆ. ಎಂಬ್ರಾಯ್ಡರಿ ಯಂತ್ರದ ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ತಿರುಗಬೇಕು, ದಾರ ಎಲ್ಲಿ ಕತ್ತರಿಸಬೇಕು ಎಂದು ಆ ಚಿತ್ರದ ಮೇಲೆ ಕಂಪ್ಯೂಟರಿನಲ್ಲಿ ದಾರಿ ಹಾಕಿಕೊಡಬೇಕು. ಇದಕ್ಕೇ ಪಂಚಿಂಗ್ ಎನ್ನುತ್ತಾರೆ. ದಾರಿ ಹಾಕುವವಳು ಪಾಪಾತಿ. ಗಿರಾಕಿಗಳಿಗೆ ಟೀ ಕೊಟ್ಟು, ನಾಳೆ ಬನ್ನಿ ಎಂದು ಸಮಾಧಾನ ಹೇಳುವವನು ಕರುಪ್ಪಸಾಮಿ. ಕೊಡೆ ಹಿಡಿದು ನಡೆಯುವ ಪಾಪಾತಿಯ ಬಾತುಕೋಳಿ ಎಷ್ಟು ಮಕ್ಕಳ ಅಂಗಿಯ ಮೇಲೆ ಕುಳಿತು ಯಾವ ಯಾವ ದೇಶಕ್ಕೆ ಹೋಯಿತೋ ಅವಳಿಗೇ ಗೊತ್ತಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಹಾಕಿದ ದಾರಿಗಳೆಲ್ಲ ಆ ಕಂಪ್ಯೂಟರಿನಲ್ಲಿದ್ದವು.

ಇನ್ನು ಕರುಪ್ಪಸಾಮಿಯ ತಂಗಿ ಅಂಗಮ್ಮನ ವಿಷಯ ಹೇಳಬೇಕು. ಅವನಿಗೆ ಒಡಹುಟ್ಟಿದವಳು ಅವಳೊಬ್ಬಳೇ. ಅನ್ನೂರಿನ ಹತ್ತಿರ ಬಾಳೆತೋಟದ ಮನೆಗೆ ಕೊಟ್ಟಿದ್ದರು. ಬಹಳ ವರ್ಷ ಕಾದ ಮೇಲೆ ಅವಳಿಗೊಂದು ಹೆಣ್ಣುಮಗು ಹುಟ್ಟಿತು. ಇಂದುಜಾ ಎಂದು ಹೆಸರಿಟ್ಟು, ಕಿವಿ ಚುಚ್ಚುವ ಶಾಸ್ತ್ರಕ್ಕೆ ದಿನ ನೋಡಿದರು. ಆ ಕಡೆಯಲ್ಲಿ ಸೋದರಮಾವ ಸೀರು, ಅಂದರೆ ತವರಿನ ಉಡುಗೊರೆಯ ತಟ್ಟೆಗಳನ್ನು ತಂದು, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ಮೇಲೆಯೇ ಅಕ್ಕಸಾಲಿ ಸೂಜಿ ಕೈಗೆತ್ತಿಕೊಳ್ಳುವುದು. ಮಗು ಅಳುವುದೂ ಮಾವನ ಎದೆಗೊರಗಿಯೇ.

ಕರುಪ್ಪಸಾಮಿ ಸೀರಿನ ತಟ್ಟೆಗಳನ್ನು ಎರಡೆರಡು ಸಿದ್ಧಮಾಡಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಸ್ಪೇರ್ ಕರುಪ್ಪಸಾಮಿ ಹೇಗಾದಾನು? ದಾರಿಯಲ್ಲಿ ಗಾಡಿ ಕೆಟ್ಟರೆ ಏನು ಗತಿ ಎಂಬ ಯೋಚನೆ ಬಂತು. ಚಿಕ್ಕಪ್ಪನ ಮಗ ದೊರೈಸಾಮಿಯನ್ನು ಕರೆದು, ಒಂದು ಜೊತೆ ತಟ್ಟೆ ಕೊಟ್ಟು, "ನೀ ಮುಂದೆ ಹೋಗು. ನಾ ಬರೋದು ಲೇಟಾದ್ರೆ ಮಗೂನ ಮಡೀಲಿ ಕೂರಿಸ್ಕೊ" ಎಂದು ಕಳಿಸಿದ. ತಾನು ಅವಿನಾಶಿ ದಾಟಿದ ಮೇಲೆ, ಓಲೆಯ ಎರಡನೇ ಜೊತೆ ಮನೆಯಲ್ಲೇ ಉಳಿಯಿತು ಎಂದು ನೆನಪಾಗಿ ಹಿಂದಕ್ಕೆ ತಿರುಗಿದ. ಗಾಡಿ ಕೆಡಲಿಲ್ಲ. ಕೆಟ್ಟದ್ದು ಅವನ ಬುದ್ಧಿ.

ಅವನು ಅನ್ನೂರು ಸೇರುವಾಗ ಮುಹೂರ್ತ ಮುಗಿದಿತ್ತು. ಮಗು ದೊರೈಸಾಮಿಯ ಮಡಿಲಲ್ಲಿ ಬಿಕ್ಕುತ್ತಿತ್ತು. ಆಗಲಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಬೆವರು ಒರೆಸಿಕೊಳ್ಳುತ್ತಾ, ನೆಂಟರೆಲ್ಲರ ಎದುರಿಗೆ, ಹೆಮ್ಮೆಯಿಂದ, "ನೋಡಿದ್ರಾ, ಸ್ಪೇರು ಇದ್ದದ್ದಕ್ಕೆ ಎಷ್ಟು ಒಳ್ಳೇದಾ ಹೋತು!" ಎಂದ.

ಅಂಗಮ್ಮ ಅಣ್ಣನ ಮುಖವನ್ನೇ ನೋಡಿದಳು. "ಅಣ್ಣನಿಗೂ ಸ್ಪೇರಾ?" ಎಂದಳು. ಅಷ್ಟೇ. ಅವತ್ತು ನಿಂತ ಮಾತು ಮತ್ತೆ ಶುರುವಾಗಲಿಲ್ಲ. ಇಂದುಜಾ ಶಾಲೆಗೆ ಸೇರಿ ಹಾಲುಹಲ್ಲು ಉದುರಿಸಿಕೊಳ್ಳುವ ವಯಸ್ಸಿಗೆ ಬಂದರೂ ಇಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ಅಂಗಮ್ಮ ಪಾಪಾತಿಯೊಡನೆ ಮಾತಾಡಿ, ಅಣ್ಣನ ಹತ್ತಿರ ಬಂದಾಗ ಪಾತ್ರೆ ಎಣಿಸುವವಳಂತೆ ಬೇರೆ ಕಡೆ ನೋಡುತ್ತಿದ್ದಳು.

ತಾನು ಮಾಡಿದ್ದರಲ್ಲಿ ತಪ್ಪೇನು ಎಂದು ಕರುಪ್ಪಸಾಮಿ ವರ್ಷಗಟ್ಟಲೆ ವಾದ ಮಾಡಿದ. ವಾದ ಮಾಡುತ್ತಲೇ ಪ್ರತಿ ದೀಪಾವಳಿಗೂ ಪಾಪಾತಿಗೆ ಒಂದು ಸೀರೆ ತರುವಾಗ ಇನ್ನೊಂದನ್ನೂ ತಂದು ಬೀರುವಿನಲ್ಲಿ ಇಡುತ್ತಿದ್ದ. ಯಾರಿಗೆ ಎಂದರೆ "ಸ್ಪೇರು" ಎನ್ನುತ್ತಿದ್ದ. ಅಂಗಮ್ಮನಿಗೆ ಇಷ್ಟವಾದ ಬಾಳೆಲೆ ಹಸಿರೇ ಎಲ್ಲದರಲ್ಲೂ ಇರುವುದನ್ನು ಪಾಪಾತಿ ಗಮನಿಸದೆ ಇರುತ್ತಾಳೆಯೆ? ಗಮನಿಸಿದಳು, ಸುಮ್ಮನಿದ್ದಳು.

ಮಹಡಿಯ ಕೋಣೆಗೆ ಬಾಡಿಗೆಗೆ ಬಂದವಳು ಹಿನಾ. ಹರಿಹರದ ಹುಡುಗಿ, ಒಂದು ಗಾರ್ಮೆಂಟ್ಸ್ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಬೀದಿಯಲ್ಲೆಲ್ಲ ತಮಿಳು ಕೇಳಿ ಕೇಳಿ ಬೇಸತ್ತಿದ್ದವಳಿಗೆ ಈ ಮನೆಯೊಳಗೆ ಕನ್ನಡ ಕೇಳಿಸಿ ಜೀವ ಬಂದಂತಾಯಿತು. ಅವಳ ಕನ್ನಡ ಕೇಳಿ ಕರುಪ್ಪಸಾಮಿಗೆ, "ಟೀವೀಲಿ ನ್ಯೂಸ್ ಓದೋ ತರ ಇದೆ ಕಣ್ಣು ನೀ ಮಾತಾಡೋದು" ಎಂದು ಅಚ್ಚರಿ. ತನಗಿಂತ ಚಿಕ್ಕವರನ್ನು ಅವನು ಅಕ್ಕರೆಯಿಂದ ಕರೆಯುವುದೇ ಕಣ್ಣು ಎಂದು. ಅವನ ಮನೆಯಲ್ಲಿ ಕನ್ನಡ ಅಕ್ಷರ ಓದಬಲ್ಲವರು ಒಬ್ಬರೂ ಇರಲಿಲ್ಲ.

ಒಂದು ದಿನ ಪಾಪಾತಿಯ ಕಂಪ್ಯೂಟರು ಟಕ್ ಟಕ್ ಎಂದು ಸದ್ದು ಮಾಡತೊಡಗಿತು. ಹಿನಾ ಇಳಿದು ಬಂದು ಕಿವಿಗೊಟ್ಟು ಕೇಳಿ, "ಅಂಕಲ್, ಹಾರ್ಡ್ ಡಿಸ್ಕ್ ಸಾಯ್ತಾ ಇದೆ. ಬ್ಯಾಕಪ್ ಎಲ್ಲಿದೆ?" ಎಂದಳು. ಕರುಪ್ಪಸಾಮಿ ಹೆಮ್ಮೆಯಿಂದ ತೋರಿಸಿದ. ಅದೇ ಡಿಸ್ಕಿನಲ್ಲಿ, ಅದೇ ಫೋಲ್ಡರಿನ ಪಕ್ಕದಲ್ಲಿ, ಸ್ಪೇರ್ ಎಂಬ ಹೆಸರಿನ ಇನ್ನೊಂದು ಫೋಲ್ಡರು.

ಆಮೇಲೆ ಅವಳು ಹಳೆಯ ಕಂಪ್ಯೂಟರೊಂದಕ್ಕೆ ಹೊಸ ಡಿಸ್ಕು ಹಾಕಿ, ಲಿನಕ್ಸ್ ಹಾಕಿ, ಅದನ್ನೇ ಸರ್ವರು ಮಾಡಿ, ಉಳಿದಿದ್ದ ಫೈಲುಗಳನ್ನೆಲ್ಲ ಬಾಚಿ ಅದಕ್ಕೆ ತುಂಬಿದಳು. ಅದರ ಮೇಲೆ ಬ್ಯಾಕಪ್ ತೆಗೆಯುವ ತಂತ್ರಾಂಶ ಹಾಕುತ್ತೇನೆ, ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು, ದುಡ್ಡು ಬೇಕಿಲ್ಲ, ಒಳಗಿನ ಬರಹವನ್ನೂ ಯಾರು ಬೇಕಾದರೂ ಓದಬಹುದು ಎಂದಳು.

"ಸುಮ್ಮಾ ಯಾಕೆ ಕೊಡ್ತಾರೆ?" ಕರುಪ್ಪಸಾಮಿಗೆ ಅನುಮಾನ. "ಬರೆದೋನು ನಾಳೆ ಬಿಟ್ಟು ಹೋದ್ರೆ?"

"ಬೇರೆಯವರು ಮುಂದುವರಿಸ್ತಾರೆ ಅಂಕಲ್. ಪ್ರಪಂಚದ ತುಂಬ ಜನ ಇದ್ದಾರೆ."

ಬರೆಯುವವರಿಗೂ ಸ್ಪೇರು ಇದೆ ಎಂದು ತಿಳಿದ ಮೇಲೆ ಅವನಿಗೆ ಆ ತಂತ್ರಾಂಶದ ಮೇಲೆ ಗೌರವ ಹುಟ್ಟಿತು. ಹಿನಾ ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಬಡಿದಳು. ಫೈಲುಗಳೆಲ್ಲ ಬೀಗ ಹಾಕಿಕೊಂಡು ಹೊರಗಿನ ಡಿಸ್ಕಿಗೆ ಹೋಗುತ್ತವೆ, ಪಾಸ್‌ವರ್ಡ್ ಮರೆತರೆ ಬ್ರಹ್ಮ ಬಂದರೂ ತೆಗೆಯಲಾಗುವುದಿಲ್ಲ ಎಂದು ಎಚ್ಚರಿಸಿದಳು. "ಪಾಸ್‌ವರ್ಡಿಗೆ ಸ್ಪೇರು ಇಡಬಹುದಾ?" ಎಂದು ಅವನು ಕೇಳಿದಾಗ ಅವಳಿಗೆ ನಗು ಬಂತು. ಹುಡುಕಿ ನೋಡಿದರೆ ನಿಜಕ್ಕೂ ಇಡಬಹುದಿತ್ತು. ಒಂದನ್ನು ಅವನು ಇಟ್ಟ, ಇನ್ನೊಂದನ್ನು ಪಾಪಾತಿ ಇಟ್ಟಳು.

ಮೊದಲ ದಿನ ಬ್ಯಾಕಪ್ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟವಾಗಿತ್ತು. ಮರುದಿನ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಕರುಪ್ಪಸಾಮಿ ಕುರ್ಚಿಯಿಂದ ಎದ್ದ. "ಮೋಸ ಕಣ್ಣು ಇದು! ನಿನ್ನೆ ಅಷ್ಟೊತ್ತು ಕೆಲಸ ಮಾಡಿದ್ದು ಇವತ್ತು ಕಳ್ಳಾಟ ಆಡ್ತಾ ಇದೆ." ಬದಲಾದದ್ದನ್ನು ಮಾತ್ರ ಅದು ತೆಗೆದುಕೊಳ್ಳುತ್ತದೆ, ಇದ್ದದ್ದನ್ನೇ ಮತ್ತೆ ಮತ್ತೆ ಹೊರುವುದಿಲ್ಲ ಎಂದು ಹಿನಾ ಬಿಡಿಸಿ ಹೇಳಿದಳು. ಅವನು ತಲೆಯಾಡಿಸಿದ. ಆದರೂ ಕೆಲವು ದಿನ ಪಕ್ಕದಲ್ಲೇ ಕುಳಿತು ಅದರ ದೀಪ ಮಿನುಗುವುದನ್ನು ಮೇಸ್ತ್ರಿಯ ಹಾಗೆ ಕಾದ.

ಕಷ್ಟ ಬಂದದ್ದು ಕೊನೆಯ ಮಾತಿಗೆ. ಬ್ಯಾಕಪ್ಪಿಗೆಂದು ತಂದಿದ್ದ ಎರಡು ಡಿಸ್ಕುಗಳಲ್ಲಿ ಎರಡನೆಯದನ್ನು ಈ ಮನೆಯಲ್ಲಿ ಇಡಬಾರದು ಎಂದಳು ಹಿನಾ. ಒಂದು ಇಲ್ಲಿ ಕೆಲಸ ಮಾಡುವಾಗ ಇನ್ನೊಂದು ಬೇರೆ ಊರಿನಲ್ಲಿ ಇರಬೇಕು. ವಾರಕ್ಕೊಮ್ಮೆ ಅದಲು ಬದಲು ಮಾಡಬೇಕು.

"ಬೇರೆ ಊರಲ್ಲಾ? ಸ್ಪೇರು ಕಣ್ಣ ಮುಂದೆ..."

"ಕಣ್ಣ ಮುಂದೆ ಇದ್ದರೆ ಅದು ಸ್ಪೇರೇ ಅಲ್ಲ ಅಂಕಲ್. ಬೆಂಕಿ ಬಿದ್ರೆ ಎರಡೂ ಹೋಗುತ್ತೆ."

"ಪಲ್ಲಡಂ ಬಸ್ಸಿನ ಕೊಡೆ ತರ" ಎಂದಳು ಪಾಪಾತಿ, ಪರದೆಯಿಂದ ಕಣ್ಣು ತೆಗೆಯದೆ.

ಯಾರ ಮನೆ? ದೊರೈಸಾಮಿಯ ಮನೆ ಪಕ್ಕದ ಗೋಡೆಗೇ ಅಂಟಿಕೊಂಡಿತ್ತು. ಬೇರೆ ಊರಿನಲ್ಲಿ ನಂಬಿಕೆಯವರು ಯಾರೂ ಇಲ್ಲವೇ ಎಂದು ಹಿನಾ ಕೇಳಿದಳು. ಕೊನೆಗೆ ಪಾಪಾತಿಯೇ, "ಅನ್ನೂರಲ್ಲಿ ಇದ್ದಾಳೆ" ಎಂದಳು. ಕರುಪ್ಪಸಾಮಿ ಎದ್ದು ಟೀ ಕುಡಿಯಲು ಹೋದ. ಬಂದು ಮತ್ತೆ ಹೋದ. ಮೂರನೇ ಟೀ ಮುಗಿಸಿ ಬಂದು, "ನಾ ಹೋಗ್ಲಾ?" ಎಂದು ಹೆಂಡತಿಯನ್ನು ಕೇಳಿದ.

ಪಾಪಾತಿ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಟ್ಟಳು. ಬಸ್ಸಿನಲ್ಲಿ ಕುಲುಕಾಟಕ್ಕೆ ಏಟಾಗಬಾರದು ಎಂದಳು.

ಅನ್ನೂರಿನ ಮನೆಯಲ್ಲಿ ಅಂಗಮ್ಮ ಬಾ ಎನ್ನಲಿಲ್ಲ. "ಯಾರೋ ಬಂದಿದ್ದಾರೆ ನೋಡಿಂಗ" ಎಂದು ಗಂಡ ಧನಪಾಲನಿಗೆ ಕೂಗಿ ಹೇಳಿ, ಒಂದು ಚೊಂಬು ನೀರು ತಂದಿಟ್ಟಳು. ಧನಪಾಲ್ ಒಳ್ಳೆಯವನು. ಬಾವನನ್ನು ಕೂರಿಸಿ, ಅಣ್ಣ ತಂಗಿಯ ನಡುವೆ ಇರಬಾರದೆಂದು ತೋಟಕ್ಕೆ ನೀರು ಬಿಡಲು ಹೋಗಿಬಿಟ್ಟ.

"ಪಾಪಾತಿಯ ಡಿಸೈನೆಲ್ಲಾ ಇದರೊಳಗಿದೆ" ಎಂದ ಕರುಪ್ಪಸಾಮಿ ಚೀಲ ಮುಂದೆ ಮಾಡಿ. "ಅಲ್ಲಿ ಒಂದಿದೆ. ಇದು..." ಬಾಯಿಗೆ ಬಂದ ಮಾತನ್ನು ನುಂಗಿಕೊಂಡ.

"ಸ್ಪೇರಾ?" ಅಂಗಮ್ಮನೇ ಮುಗಿಸಿದಳು.

ಅವಳು ಸುತ್ತಿದ ಬಟ್ಟೆ ಬಿಚ್ಚಿದಳು. ಬಾಳೆಲೆ ಹಸಿರಿನ ಸೀರೆ, ಮಡಿಕೆ ಮುರಿಯದ್ದು. ಅದನ್ನು ನೋಡಿ ಅವಳಿಗಿಂತ ಹೆಚ್ಚು ಗಾಬರಿಯಾದದ್ದು ಕರುಪ್ಪಸಾಮಿಗೆ.

"ಸೀರೆ ಯಾರದು?"

"ಅದೂ ಇಲ್ಲೇ ಇರಲಿ. ಬಿಚ್ಚಿದ್ರೆ ಡಿಸ್ಕಿಗೆ ಧೂಳು ಬೀಳುತ್ತೆ" ಎಂದು ಏನೋ ಒಂದು ಹೇಳಿ, ನೀರು ಕುಡಿದು, ಬಸ್ಸು ಹಿಡಿದ.

ಮುಂದಿನ ವಾರ ಇನ್ನೊಂದು ಡಿಸ್ಕು ಇನ್ನೊಂದು ಸೀರೆಯಲ್ಲಿ ಹೋಯಿತು, ಮೊದಲನೆಯದು ಹಳೆಯ ಟವೆಲ್ಲಿನಲ್ಲಿ ವಾಪಸು ಬಂತು. ಆ ವಾರ ನೀರಿನ ಬದಲು ಮಜ್ಜಿಗೆ. ಆಮೇಲೆ ಕಾಫಿ. ಮಾತು ಮಾತ್ರ ಡಿಸ್ಕಿನದೇ: ಒಣ ಜಾಗದಲ್ಲಿ ಇಟ್ಟಿದ್ದೀಯಾ, ಇಟ್ಟಿದ್ದೀನಿ. ಇಲಿ ಇಲ್ಲವಲ್ಲ, ಇಲ್ಲೆ. ಒಂದು ದಿನ ಇಂದುಜಾ ಬಾಗಿಲ ಸಂದಿನಿಂದ ಇಣುಕಿ, "ಡಿಸ್ಕ್ ಮಾಮಾ ಬಂದ್ರು" ಎಂದಳು. ಅಂಗಮ್ಮ ಅವಳನ್ನು ತಿದ್ದಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕರುಪ್ಪಸಾಮಿಗೆ ಅದು ಒಳಗೊಳಗೇ ಕೊರೆಯಿತು. ಹುಟ್ಟಿದಾಗಿನಿಂದ ಅವನು ಆ ಮಗುವಿಗೆ ಮಾಮನೇ ಅಲ್ಲವೆ?

ದೀಪಾವಳಿ ಹತ್ತಿರವಾಗುವ ಐಪ್ಪಸಿ ತಿಂಗಳಿನಲ್ಲಿ ಒಂದು ಸಂಜೆ ಗುಡುಗು ಸಿಡಿಲಿನ ಮಳೆ ಬಂತು. ಕರುಪ್ಪಸಾಮಿ ಟೀ ಅಂಗಡಿಯಲ್ಲಿದ್ದ. ಬೀದಿಯ ಕಂಬದ ಮೇಲೆ ಸಿಡಿಲು ಬಿದ್ದು ಎಲ್ಲರ ಕಿವಿಯೂ ಗುಂಯ್ ಎಂದಿತು. ಓಡಿ ಬಂದರೆ ಅಂಗಡಿಯ ತುಂಬ ಸುಟ್ಟ ವಾಸನೆ. ಸರ್ವರು ಸತ್ತಿತ್ತು, ಅದಕ್ಕೆ ತಗುಲಿಸಿಕೊಂಡಿದ್ದ ಡಿಸ್ಕೂ ಸತ್ತಿತ್ತು. ಪಕ್ಕಪಕ್ಕದಲ್ಲೇ. ಪಾಪಾತಿ ಗೋಡೆಗೆ ಒರಗಿ ಕುಳಿತುಬಿಟ್ಟಿದ್ದಳು. ಹಿನಾ ಎಲ್ಲವನ್ನೂ ಪರೀಕ್ಷಿಸಿ, "ಗಾಬರಿಯಾಗಬೇಡಿ, ಅನ್ನೂರಿನ ಡಿಸ್ಕ್ ಇದೆಯಲ್ಲ" ಎಂದಳು.

"ಅದಕ್ಕೆ ಸ್ಪೇರು?" ಎಂದ ಕರುಪ್ಪಸಾಮಿ.

"ಅದೇ ಸ್ಪೇರು ಅಂಕಲ್. ಈಗ ಅದೊಂದೇ ಇರೋದು."

ಯಾವುದೂ ಒಂದೇ ಇರುವುದು ಹೇಗಿರುತ್ತದೆ ಎಂದು ಅವನಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಬೆಳಗಿನ ಮೊದಲ ಬಸ್ಸಿನಲ್ಲಿ ಅನ್ನೂರಿಗೆ ಹೊರಟ. ಇಂದುಜಾ ಅದನ್ನು ಆಟಕ್ಕೆ ತೆಗೆದಿದ್ದರೆ? ಮನೆ ಸೋರಿದ್ದರೆ? ಅಂಗಮ್ಮ ಸೀರೆಯ ಜೊತೆಗೆ ನೀರಿಗೆ ಹಾಕಿದ್ದರೆ? ಅವಿನಾಶಿ ಬರುವಷ್ಟರಲ್ಲಿ ಆ ಡಿಸ್ಕನ್ನು ಅವನು ಮನಸ್ಸಿನಲ್ಲೇ ಹತ್ತು ಬಗೆಯಲ್ಲಿ ಹಾಳುಮಾಡಿಕೊಂಡಿದ್ದ. ಸೀರು ಹೊತ್ತುಕೊಂಡು ಹಿಂದಕ್ಕೆ ತಿರುಗಿದ್ದು ಇದೇ ಜಾಗದಲ್ಲಿ ಎಂಬುದೂ ನೆನಪಾಯಿತು. ಈ ಸಲ ತಿರುಗಿ ಹೋಗಿ ತರುವುದಕ್ಕೆ ಏನೂ ಇರಲಿಲ್ಲ.

ಅಂಗಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಅಣ್ಣನ ಮುಖ ನೋಡಿ ಚೊಂಬು ಕೆಳಗಿಟ್ಟಳು.

"ಎಲ್ಲಾ ಹೋತು ಅಂಗಮ್ಮಾ. ಸಿಡಿಲು ಬಿತ್ತು. ನಿನ್ನ ಹತ್ರ ಇರೋದು ಒಂದೇ. ಬೇರೆ ಇಲ್ಲೆ." ಅವನು ಒಂದು ಹೆಜ್ಜೆ ಮುಂದೆ ಬಂದ. "ಒಂದೇ ಅಂದ್ರೆ ಇಷ್ಟು ಭಯ ಆಗುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲೆ."

"ನಂಗೆ ಗೊತ್ತಿತ್ತು" ಎಂದಳು ಅಂಗಮ್ಮ. "ಅವತ್ತು ಅಕ್ಕಸಾಲಿ ಸೂಜಿ ಹಿಡಿದು ಕೂತಿದ್ದ, ನಾ ಬಾಗಿಲನ್ನೇ ನೋಡ್ತಾ ಇದ್ದೆ. ನಂಗೆ ಇರೋದು ಒಂದೇ ಅಣ್ಣ."

ಕರುಪ್ಪಸಾಮಿ ವರ್ಷಗಟ್ಟಲೆ ಮಾಡಿದ ವಾದವೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. "ತಪ್ಪು ನಂದೇ ಕಣ್ಣು" ಎಂದು ಅಂಗಳದಲ್ಲಿ ನಿಂತೇ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಸ್ಕೂಟರಿನ ಡಿಕ್ಕಿಯಲ್ಲಿ ಇನ್ನೆರಡು ಪಂಚೆ ಇದ್ದವು, ಆದರೆ ಸ್ಕೂಟರು ತಿರುಪ್ಪೂರಿನಲ್ಲಿತ್ತು.

ಅಂಗಮ್ಮ ಒಳಗೆ ಹೋಗಿ, ಮಗಳ ಮೊದಲ ಓಲೆ, ಮೊದಲ ಅಂಗಿ ಇಟ್ಟಿದ್ದ ಪೆಟ್ಟಿಗೆಯಿಂದ ಡಿಸ್ಕನ್ನು ತೆಗೆದಳು. ಕೊಡು ಎಂದು ಅವನು ಕೈ ಚಾಚಿದ. ಅವಳು ಕೊಡಲಿಲ್ಲ. "ನಿನ್ನ ನಂಬಿ ಕಳಿಸಿದ್ರೆ ಅವಿನಾಶಿಯಿಂದ ತಿರುಗಿ ಬಂದುಬಿಡ್ತೀಯ. ನಾನೇ ಬರ್ತೀನಿ" ಎಂದು ಹಸಿರು ಸೀರೆ ಉಟ್ಟು ಹೊರಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಎರಡು ಕೈಯಿಂದಲೂ ಹಿಡಿದಿದ್ದಳು. ಹಳ್ಳ ಬಂದಾಗೆಲ್ಲ ಅಣ್ಣನೂ ಒಂದು ಕೈ ಹಾಕಿದ.

ಹಿನಾ ಅಷ್ಟರಲ್ಲಿ ತನ್ನದೇ ಲ್ಯಾಪ್‌ಟಾಪಿನಲ್ಲಿ ಎಲ್ಲ ಸಿದ್ಧಮಾಡಿಟ್ಟಿದ್ದಳು. ಪಾಸ್‌ವರ್ಡ್ ಕೇಳಿದಾಗ ಕರುಪ್ಪಸಾಮಿಯ ತಲೆ ಖಾಲಿ. ಏನೇನೋ ಬಡಿದ, ಬೀಗ ತೆರೆಯಲಿಲ್ಲ. ಪಾಪಾತಿ ಅವನನ್ನು ಪಕ್ಕಕ್ಕೆ ಸರಿಸಿ ತನ್ನದನ್ನು ಬಡಿದಳು, ತೆರೆಯಿತು. ಅಂದರೆ ಸ್ಪೇರಿನಿಂದ ಒಮ್ಮೊಮ್ಮೆ ಉಪಯೋಗವಿದೆ, ಪಾಪ, ಅದನ್ನೂ ಹೇಳಬೇಕು. ಸಾಲು ಸಾಲಾಗಿ ಹೆಸರುಗಳು ಇಳಿದವು. ಎಲ್ಲಕ್ಕಿಂತ ಮೊದಲು ತೆರೆದು ನೋಡಿದ್ದು ಕೊಡೆ ಹಿಡಿದ ಬಾತುಕೋಳಿಯನ್ನು. ಅದು ಒಂದು ಹೊಲಿಗೆಯೂ ತಪ್ಪದೆ ನಡೆಯುತ್ತಿತ್ತು. ಪಾಪಾತಿ ಅಂಗಮ್ಮನನ್ನು ತಬ್ಬಿಕೊಂಡು ಅತ್ತಳು.

ದೀಪಾವಳಿ ಕಳೆದು ಹೊಸ ಸರ್ವರು ಬಂತು. ಬೀರುವಿನ ಸೀರೆಗಳೆಲ್ಲ ಖಾಲಿಯಾಗಿ, ಅನ್ನೂರಿಗೆ ಡಿಸ್ಕು ಈಗ ಹಲಸಿನಕಾಯಿ ಚಿಪ್ಸಿನ ಪೊಟ್ಟಣದ ಜೊತೆ ಹೋಗುತ್ತಿತ್ತು. ಒಂದು ದಿನ ಹಿನಾ ಖುಷಿಯಿಂದ ಇಳಿದು ಬಂದಳು.

"ಅಂಕಲ್, ಇನ್ನು ಮೇಲೆ ನೀವು ವಾರ ವಾರ ಅಲೆಯೋದು ಬೇಡ. ಅನ್ನೂರಿನ ಮನೆಗೆ ನೆಟ್ ಬಂದಿದೆಯಂತೆ. ಅಲ್ಲೊಂದು ಚಿಕ್ಕ ಪೆಟ್ಟಿಗೆ ಇಟ್ಟರೆ ಬ್ಯಾಕಪ್ ತಾನಾಗೇ ಹೋಗುತ್ತೆ. ನೀವು ಇಲ್ಲೇ ಕೂತಿರಬಹುದು."

ಕರುಪ್ಪಸಾಮಿ ಯೋಚಿಸಿದ. ಪಾಪಾತಿ ಪರದೆಯಿಂದ ಕಣ್ಣು ತೆಗೆದು ಗಂಡನ ಕಡೆ ನೋಡಿದಳು.

"ಹಾಕು ಕಣ್ಣು, ಬೇಡ ಅನ್ನಲ್ಲ" ಎಂದ ಅವನು, ಸೀರೆ ಸುತ್ತದ ಡಿಸ್ಕನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ. "ಅದು ಸ್ಪೇರಿಗೆ ಇರಲಿ. ಅನ್ನೂರಿಗೆ ಹೋಗೋದು ನಾನೇ."